ಸ್ನೇಹ ಬೇಡುವ ಯಂತ್ರ

ಸಂಸ್ಕೃತದಿಂದ ನಮ್ಮ ಭಾಷೆಗೆ ಬಂದ ‘ಸ್ನೇಹ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಗೆಳೆತನವೆಂಬ ಅರ್ಥ ಎಲ್ಲರ ಬಾಯಲ್ಲಿದೆ. ಎಣ್ಣೆ, ಜಿಡ್ಡು ಎಂಬ ಅರ್ಥ ನಿಘಂಟಿನಲ್ಲಿಯೂ ವೈದ್ಯರ ಮನೆಗಳಲ್ಲಿಯೂ ಉಳಿದುಕೊಂಡಿದೆ. ಎಣ್ಣೆ ತುಪ್ಪಗಳಿಂದ ದೇಹವನ್ನು ಹದಗೊಳಿಸುವ ಕ್ರಮವನ್ನು ಆಯುರ್ವೇದ ಇಂದಿಗೂ ‘ಸ್ನೇಹನ’ವೆಂದೇ ಕರೆಯುತ್ತದೆ. ಈ ಎರಡು ಅರ್ಥಗಳ ನಂಟು ದೂರದ್ದಲ್ಲ. ಒಂದನ್ನೊಂದು ಉಜ್ಜುವ ಎರಡು ವಸ್ತುಗಳ ನಡುವೆ ನಿಂತು, ಅವು ಸವೆಯದಂತೆ, ಸುಡದಂತೆ ಕಾಯುವುದು ಎಣ್ಣೆಯ ಕೆಲಸ. ಅಚ್ಚಿಗೆ ಕೀಲೆಣ್ಣೆ ಬಿಡದೆ ಗಾಡಿ ಹೂಡಬಾರದೆಂಬುದು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಈ ಸ್ನೇಹವನ್ನು ಕಾರಿನ ಇತರ ಎಂಜಿನುಗಳಿಗಿಂತ ಹೆಚ್ಚಾಗಿ ಬೇಡಿದ ಒಂದು ಯಂತ್ರದ ಚರಿತ್ರೆಯನ್ನು ಇಂದು ಹೇಳಬೇಕೆಂದಿದ್ದೇನೆ. ಅದೇ ರೋಟರಿ ಎಂಜಿನ್.

ಸಾಮಾನ್ಯ ಕಾರಿನ ಎಂಜಿನಿನಲ್ಲಿ ಪಿಸ್ಟನ್ನು ಸಿಲಿಂಡರಿನೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಪ್ರತಿಸಲವೂ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡಬೇಕು. ಈ ತಡವರಿಕೆಯೇ ಬೇಡ, ಎಲ್ಲವೂ ಒಂದೇ ಸಮನೆ ಸುತ್ತಲಿ ಎಂದು ಬಯಸಿದವನು ಜರ್ಮನಿಯ ಫೆಲಿಕ್ಸ್ ವಾಂಕೆಲ್. ಹುಟ್ಟಿದ್ದು ೧೯೦೨ರಲ್ಲಿ, ಲಾರ್ ಎಂಬ ಊರಿನಲ್ಲಿ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. ತಾನೇ ಕಲಿತು ತಾನೇ ಎಂಜಿನಿಯರ್ ಆದವನು. ಅನಿಲ ಸೋರದಂತೆ ತಡೆಯುವ ಸೀಲುಗಳ ವಿಷಯದಲ್ಲಿ ಅವನ ಪರಿಣತಿ ದೊಡ್ಡದು. ೧೯೫೧ರಲ್ಲಿ ಎನ್‌ಎಸ್‌ಯು ಎಂಬ ಕಾರ್ಖಾನೆಯೊಡನೆ ಅವನ ಸಂಬಂಧ ಬೆಳೆಯಿತು. ೧೯೫೭ರ ಫೆಬ್ರವರಿಯಲ್ಲಿ ಅವನ ಕಲ್ಪನೆಯ ಎಂಜಿನ್ ಮೊದಲ ಬಾರಿಗೆ ಓಡಿತು. ಅದರಲ್ಲಿ ಒಳಗಿನ ರೋಟರೂ ಹೊರಗಿನ ಕವಚವೂ ಎರಡೂ ಸುತ್ತುತ್ತಿದ್ದವು. ಅದೇ ಕಾರ್ಖಾನೆಯ ಹಾನ್ಸ್ ಡೀಟರ್ ಪಾಶ್ಕೆ ಕವಚವನ್ನು ಸ್ಥಿರಗೊಳಿಸಿ, ರೋಟರ್ ಮಾತ್ರ ಸುತ್ತುವಂತೆ ಮಾರ್ಪಡಿಸಿದ. ವಾಂಕೆಲನಿಗೆ ಈ ಬದಲಾವಣೆ ರುಚಿಸಲಿಲ್ಲ. ಆದರೆ ಜಗತ್ತಿನ ರಸ್ತೆಗಳ ಮೇಲೆ ಓಡಿದ ರೋಟರಿ ಎಂಜಿನುಗಳೆಲ್ಲ ಪಾಶ್ಕೆಯ ದಾರಿಯವೇ.

ಇದರ ರೂಪವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಎರಡು ಕಾಳಿನ ಕಡಲೆಕಾಯಿಯಂತೆ ನಡು ತುಸು ಸೊರಗಿದ ಒಂದು ಕವಚ. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋಣಾಕಾರದ ಒಂದು ರೋಟರ್. ತ್ರಿಕೋಣದ ಮೂರು ತುದಿಗಳೂ ಕವಚದ ಒಳಗೋಡೆಯನ್ನು ಸದಾ ಸವರುತ್ತಲೇ ಸುತ್ತುತ್ತವೆ. ರೋಟರಿನ ಮೂರು ಬದಿಗಳಿಗೂ ಗೋಡೆಗೂ ನಡುವೆ ಮೂರು ಕೋಣೆಗಳು. ಸುತ್ತುತ್ತಾ ಹೋದಂತೆ ಒಂದೊಂದು ಕೋಣೆಯೂ ಹಿಗ್ಗಿ ಗಾಳಿ ಪೆಟ್ರೋಲುಗಳನ್ನು ಒಳಗೆಳೆದುಕೊಳ್ಳುತ್ತದೆ, ಕುಗ್ಗಿ ಅದನ್ನು ಒತ್ತುತ್ತದೆ, ಉರಿಸುತ್ತದೆ, ಹೊಗೆಯನ್ನು ಹೊರದೂಡುತ್ತದೆ. ಕವಾಟಗಳಿಲ್ಲ, ಪಿಸ್ಟನ್ನಿಲ್ಲ. ಚಲಿಸುವ ಭಾಗಗಳು ಬೆರಳೆಣಿಕೆಯಷ್ಟು. ಕಾಗದದ ಮೇಲೆ ಇದಕ್ಕಿಂತ ಸರಳವಾದ ಎಂಜಿನ್ ಮತ್ತೊಂದಿಲ್ಲವೆನಿಸುತ್ತದೆ.

ಆದರೆ ಸರಳತೆಗೆ ಬೆಲೆ ತೆರಬೇಕಾಯಿತು. ಪಿಸ್ಟನ್ ಎಂಜಿನಿನಲ್ಲಿ ಒಂದೇ ಸಿಲಿಂಡರು ಈ ಗಳಿಗೆ ಬೆಂಕಿಯನ್ನು ಕಂಡರೆ ಮರುಗಳಿಗೆ ತಂಪು ಗಾಳಿಯನ್ನು ಕಾಣುತ್ತದೆ. ರೋಟರಿಯಲ್ಲಿ ಹಾಗಲ್ಲ. ಕವಚದ ಒಂದು ಮಗ್ಗುಲಿಗೆ ಸದಾ ತಂಪು, ಇನ್ನೊಂದು ಮಗ್ಗುಲಿಗೆ ಸದಾ ಬೆಂಕಿ. ಒಂದು ಬದಿ ಹಿಗ್ಗಲೆಳಸುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ಸಾಲದೆಂಬಂತೆ, ಕವಚ ಒಂದೇ ಎರಕದ ವಸ್ತುವಲ್ಲ. ರೋಟರಿನ ಸುತ್ತಣ ಭಾಗ ಅಲ್ಯುಮಿನಿಯಮ್ಮಿನದು. ಅದರ ಇಕ್ಕೆಲಗಳ ಫಲಕಗಳು, ಮಾಜ್ದಾದ ಕಾರುಗಳಲ್ಲಿ ಬಹುಕಾಲ, ಎರಕದ ಕಬ್ಬಿಣದವು. ಇವನ್ನೆಲ್ಲ ಉದ್ದನೆಯ ಬೋಲ್ಟುಗಳಿಂದ ಬಿಗಿದು ಒಂದಾಗಿಸಿರುತ್ತಾರೆ. ನೀರು ಹರಿಯುವ ಕಾಲುವೆಗಳಿಗೂ ಬೆಂಕಿಯ ಕೋಣೆಗೂ ನಡುವೆ ತಡೆಯಾಗಿ ನಿಂತಿರುವುದು ಸಣ್ಣ ಗಾಡಿಯಲ್ಲಿ ಕೂಡಿಸಿದ ತೆಳುವಾದ ರಬ್ಬರಿನ ಸೀಲು. ಎಂಜಿನ್ ಒಮ್ಮೆ ಮಿತಿಮೀರಿ ಕಾದರೆ ಅಲ್ಯುಮಿನಿಯಮ್ ಒಂದು ಪ್ರಮಾಣದಲ್ಲಿ, ಕಬ್ಬಿಣ ಇನ್ನೊಂದು ಪ್ರಮಾಣದಲ್ಲಿ ಹಿಗ್ಗಿ, ಆ ಸೀಲು ಸೋಲುತ್ತದೆ. ನೀರು ಒಳಕೋಣೆಗೆ ಇಳಿಯುತ್ತದೆ. ಪಿಸ್ಟನ್ ಎಂಜಿನ್ ಕೆಲವೊಮ್ಮೆ ಕ್ಷಮಿಸುವ ತಪ್ಪನ್ನು ಇದು ಕ್ಷಮಿಸುವುದಿಲ್ಲ.

ಇನ್ನು ಒಳಗಿನ ರೋಟರು. ಅದು ಬೆಂಕಿಯ ನಡುವೆಯೇ ಸುತ್ತುವ ವಸ್ತು. ಅಲ್ಲಿಗೆ ನೀರು ಕೊಂಡೊಯ್ಯುವ ದಾರಿಯಿಲ್ಲ. ಹೀಗಾಗಿ ಅದನ್ನು ತಣಿಸುವ ಹೊಣೆ ಎಣ್ಣೆಯ ಪಾಲಿಗೆ ಬಂತು. ನಡುವಣ ದಂಡದ ಒಳಗಿನಿಂದ ಎಣ್ಣೆ ಚಿಮ್ಮಿ, ಟೊಳ್ಳಾದ ರೋಟರಿನ ಒಡಲನ್ನು ತೊಳೆದು, ಶಾಖವನ್ನು ಹೊತ್ತು ಕೆಳಗಿಳಿಯುತ್ತದೆ. ಎಂಜಿನನ್ನು ತಣಿಸುವ ಕೆಲಸದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯದೇ ಎಂದು ತಜ್ಞರ ಲೆಕ್ಕ. ಇಷ್ಟಕ್ಕೇ ಅದರ ಕೆಲಸ ಮುಗಿಯಲಿಲ್ಲ. ಗೋಡೆಯನ್ನು ಸವರುವ ಮೂರು ತುದಿಗಳ ಸೀಲುಗಳಿಗೂ ಜಿಡ್ಡು ಬೇಕು. ಅದಕ್ಕಾಗಿ ಪುಟ್ಟ ಪಂಪೊಂದು ಹನಿಹನಿಯಾಗಿ ಎಣ್ಣೆಯನ್ನು ಅಳೆದು ಒಳಕೋಣೆಗೆ ಬಿಡುತ್ತದೆ. ಆ ಹನಿಗಳು ಸೀಲನ್ನು ಕಾಯ್ದು ತಾವು ಉರಿದುಹೋಗುತ್ತವೆ. ಬೇರೆ ಕಾರುಗಳಲ್ಲಿ ಎಣ್ಣೆ ಕಡಿಮೆಯಾದರೆ ಅದು ರೋಗದ ಲಕ್ಷಣ. ರೋಟರಿಯಲ್ಲಿ ಅದೇ ಆರೋಗ್ಯದ ಲಕ್ಷಣ.

ಈ ಮರ್ಮ ಅರಿವಾಗುವುದಕ್ಕೆ ಮೊದಲು ಬಹಳ ನಷ್ಟವಾಯಿತು. ಎನ್‌ಎಸ್‌ಯು ೧೯೬೭ರಲ್ಲಿ ‘ರೋ ೮೦’ ಎಂಬ ಕಾರನ್ನು ಹೊರತಂದಿತು. ಮರುವರ್ಷದ ಯುರೋಪಿನ ಶ್ರೇಷ್ಠ ಕಾರೆಂಬ ಗೌರವವೂ ಅದಕ್ಕೆ ದೊರೆಯಿತು. ಆದರೆ ತುದಿಯ ಸೀಲುಗಳು ಬೇಗನೆ ಸವೆದವು. ಎಂಜಿನುಗಳನ್ನು ಬದಲಿಸಿಕೊಟ್ಟೇ ಕಂಪನಿ ಬಸವಳಿಯಿತು. ೧೯೬೯ರಲ್ಲಿ ಅದು ಆಡಿಯೊಡನೆ ಸೇರಿಹೋಯಿತು.

ಅದೇ ಯಂತ್ರದ ಮೇಲೆ ತನ್ನ ಭವಿಷ್ಯವನ್ನು ಪಣವಾಗಿಟ್ಟ ಇನ್ನೊಂದು ಕಂಪನಿ ಜಪಾನಿನ ಹಿರೋಷಿಮಾದಲ್ಲಿತ್ತು. ಟೋಯೋ ಕೋಗ್ಯೋ ಎಂಬುದು ಅಂದಿನ ಹೆಸರು. ೧೯೮೪ರಿಂದ ಅದು ಮಾಜ್ದಾ. ಸಣ್ಣ ಕಾರ್ಖಾನೆಗಳನ್ನು ದೊಡ್ಡವುಗಳೊಡನೆ ವಿಲೀನಗೊಳಿಸುವ ಮಾತು ಜಪಾನಿನ ಸರ್ಕಾರದಲ್ಲಿ ನಡೆದಿದ್ದ ಕಾಲವದು. ತನಗೇ ವಿಶಿಷ್ಟವಾದ ಒಂದು ವಿದ್ಯೆಯಿದ್ದರೆ ಮಾತ್ರ ಉಳಿಗಾಲವೆಂದು ಅಧ್ಯಕ್ಷ ಸುನೆಜಿ ಮತ್ಸುದಾ ಬಗೆದರು. ಎನ್‌ಎಸ್‌ಯುವಿನಿಂದ ಪರವಾನಗಿ ಪಡೆದು, ೧೯೬೩ರಲ್ಲಿ ಕೆನಿಚಿ ಯಾಮಾಮೊಟೊ ಎಂಬ ಎಂಜಿನಿಯರರ ಕೈಗೆ ಈ ಕೆಲಸವನ್ನು ಒಪ್ಪಿಸಿದರು. ಅವರೊಡನೆ ಸೇರಿ ೪೭ ಮಂದಿ. ಒಡೆಯನಿಗಾಗಿ ಪ್ರಾಣ ತೆತ್ತ ೪೭ ಯೋಧರ ಕಥೆ ಜಪಾನಿನ ಮನೆಮನೆಯ ಕಥೆ. ಎಂಜಿನಿಯರರ ತಂಡಕ್ಕೂ ಆ ಹೆಸರೇ ಅಂಟಿತು.

ಅವರಿಗೆ ಎದುರಾದ ತೊಡಕುಗಳಿಗೆ ಅವರಿಟ್ಟ ಹೆಸರುಗಳು ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ವಿಶೇಷವಾಗಿ ಸೆಳೆದಿವೆ. ಸೀಲುಗಳು ಕಂಪಿಸಿ ಕವಚದ ಒಳಗೋಡೆಯ ಮೇಲೆ ಸಾಲು ಸಾಲಾಗಿ ಗೀರುಗಳು ಬೀಳುತ್ತಿದ್ದವು. ಅವಕ್ಕೆ ‘ದೆವ್ವದ ಉಗುರಿನ ಗುರುತು’ ಎಂದು ಹೆಸರಿಟ್ಟರು. ಎಣ್ಣೆ ಅಳತೆಮೀರಿ ಒಳಗೆ ಸೋರಿ ಬಿಳಿಹೊಗೆ ಕಾರುತ್ತಿದ್ದ ಪರೀಕ್ಷಾ ಕಾರನ್ನು ‘ಕಚಿಕಚಿ ಯಾಮಾ’ ಎಂದು ಕರೆದರು. ಅದು ಜಪಾನಿನ ಒಂದು ಜನಪದ ಕಥೆಯ ಹೆಸರು. ದುಷ್ಟ ಪ್ರಾಣಿಯೊಂದು ಬೆನ್ನ ಮೇಲೆ ಕಟ್ಟಿಗೆ ಹೊತ್ತು ಹೋಗುತ್ತಿರುವಾಗ ಹಿಂದಿನಿಂದ ಮೊಲವು ಚಕಮಕಿ ಕಲ್ಲು ಉಜ್ಜಿ ಹೊರೆಗೆ ಬೆಂಕಿಯಿಡುತ್ತದೆ. ಆ ಕಲ್ಲಿನ ಸದ್ದೇ ‘ಕಚಿಕಚಿ’. ಸೋಲನ್ನು ಹೀಗೆ ನಗೆಯಾಗಿಸಿಕೊಂಡವರು ಸೋಲಿಗೆ ಸುಲಭವಾಗಿ ಶರಣಾಗುವವರಲ್ಲ. ಸೀಲಿಗೆ ಇಂಗಾಲ ಮತ್ತು ಅಲ್ಯುಮಿನಿಯಮ್ ಬೆರೆತ ಹೊಸ ವಸ್ತುವನ್ನು ಕಂಡುಕೊಂಡರು; ಎಣ್ಣೆ ಬೇಕಾದಷ್ಟೇ ಒಳಹೋಗುವಂತೆ ರೋಟರಿನ ಬದಿಗಳಿಗೆ ಬೇರೆಯ ಸೀಲುಗಳನ್ನು ರೂಪಿಸಿದರು. ೧೯೬೭ರ ಮೇ ೩೦ರಂದು ಅವರ ‘ಕಾಸ್ಮೊ ಸ್ಪೋರ್ಟ್’ ಮಾರಾಟಕ್ಕೆ ಬಂತು. ಮರುವರ್ಷ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿ ನಡೆದ ೮೪ ಗಂಟೆಗಳ ಓಟಕ್ಕೆ ಎರಡು ಕಾಸ್ಮೊಗಳು ಹೋದವು. ಒಂದು ೮೨ನೆಯ ಗಂಟೆಯಲ್ಲಿ ಹಿಂದಿನ ಅಚ್ಚಿನ ದೋಷದಿಂದ ನಿಂತಿತು. ಇನ್ನೊಂದು ನಾಲ್ಕನೆಯದಾಗಿ ಗುರಿ ಮುಟ್ಟಿತು. ಎಂಜಿನ್ ಎರಡರಲ್ಲಿಯೂ ಸೋಲಲಿಲ್ಲವೆಂಬುದೇ ಅಲ್ಲಿ ಮುಖ್ಯವಾದ ಸಂಗತಿ.

೧೯೭೮ರಲ್ಲಿ ‘ಆರ್‌ಎಕ್ಸ್-೭’ ಬಂದ ಮೇಲೆ ಈ ಯಂತ್ರ ಸಾವಿರಾರು ಮಂದಿ ಹವ್ಯಾಸಿಗಳ ಕೈಸೇರಿತು. ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳಲ್ಲಿ ವಾರದ ರಜೆಯಲ್ಲಿ ತಮ್ಮ ಕಾರನ್ನು ಓಟದ ಪಥಕ್ಕೆ ಕೊಂಡೊಯ್ಯುವ ಜನ ಬಹಳ. ಊರ ರಸ್ತೆಯಲ್ಲಿ ತಣ್ಣಗಿದ್ದ ಎಂಜಿನ್ ಅಲ್ಲಿ ಇಪ್ಪತ್ತು ನಿಮಿಷ ಬಿಡುವಿಲ್ಲದೆ ದುಡಿಯಬೇಕು. ಅಲ್ಲಿ ಅವರು ಕಲಿತ ಪಾಠಗಳು ಒಂದು ಪರಂಪರೆಯೇ ಆಗಿವೆ.

ಮೊದಲ ಪಾಠ ಎಣ್ಣೆಯದು. ಮೊದಲ ಪೀಳಿಗೆಯ ಆರ್‌ಎಕ್ಸ್-೭ರಲ್ಲಿ ಎಣ್ಣೆಯನ್ನು ತಣಿಸುವ ಜಾಲರಿ ಕಾರಿನ ಮುಂಭಾಗದಲ್ಲಿ ಗಾಳಿಗೆ ಮೈಯೊಡ್ಡಿತ್ತು. ೧೯೮೩ರಿಂದ ಕೆಲವು ಮಾದರಿಗಳಲ್ಲಿ ಅದರ ಬದಲು ಎಂಜಿನಿನ ನೀರಿನಿಂದಲೇ ಎಣ್ಣೆಯನ್ನು ತಣಿಸುವ ಸಾಧನವಿಟ್ಟರು. ಪಥದಲ್ಲಿ ಓಡಿಸುವವರು ಅದನ್ನು ತೆಗೆದು ಹಳೆಯ ಜಾಲರಿಯನ್ನೇ ಕೂಡಿಸಿಕೊಂಡರು. ಮೂರನೆಯ ಪೀಳಿಗೆಯ ಕಾರಿನ ಓಟಗಾರರ ಮಾದರಿಗೆ ಕಂಪನಿಯೇ ಎರಡು ಜಾಲರಿಗಳನ್ನು ಕೊಟ್ಟಿತು. ಎರಡನೆಯ ಪಾಠ, ಎಣ್ಣೆ ಇದ್ದರಷ್ಟೇ ಸಾಲದು, ಇರಬೇಕಾದಲ್ಲಿ ಇರಬೇಕು ಎಂಬುದು. ಉದ್ದನೆಯ ತಿರುವಿನಲ್ಲಿ ತೊಟ್ಟಿಯ ಎಣ್ಣೆ ಒಂದು ಮಗ್ಗುಲಿಗೆ ಒತ್ತರಿಸಿದಾಗ ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರುತ್ತದೆ. ಆ ಕೆಲವು ಕ್ಷಣಗಳಲ್ಲೇ ಬೇರಿಂಗು ಕೆಡುತ್ತದೆ. ಅದಕ್ಕೆ ತೊಟ್ಟಿಯೊಳಗೆ ಅಡ್ಡಗೋಡೆಗಳನ್ನು ಕಟ್ಟಿದರು. ದೊಡ್ಡ ಓಟದ ಕಾರುಗಳಲ್ಲಿ ಎಣ್ಣೆಯನ್ನು ಬೇರೊಂದು ಎತ್ತರದ ಪಾತ್ರೆಯಲ್ಲೇ ಇರಿಸಿದರು. ಇನ್ನು ಸೀಲುಗಳಿಗಾಗಿ, ಉರಿದರೂ ಹೆಚ್ಚು ಕಿಟ್ಟ ಬಿಡದ ಸ್ಕೂಟರಿನ ಎಣ್ಣೆಯಂಥದನ್ನು ಪೆಟ್ರೋಲಿಗೇ ಅಷ್ಟಿಷ್ಟು ಬೆರೆಸುವ ರೂಢಿ ಹಲವರದು.

ನೀರಿನ ಪಾಠವೂ ಇಷ್ಟೇ ಸೂಕ್ಷ್ಮವಾದದ್ದು. ರೇಡಿಯೇಟರ್ ದೊಡ್ಡದಾದರೆ ಸಾಲದು. ಮುಂದಿನಿಂದ ನುಗ್ಗುವ ಗಾಳಿ ಪಕ್ಕದ ಸಂದುಗಳಲ್ಲಿ ನುಸುಳಿಹೋಗದೆ ಅದರ ಮೂಲಕವೇ ಹಾಯುವಂತೆ ತಗಡು ಕಟ್ಟಬೇಕು. ಇದಕ್ಕಿಂತ ಮುಖ್ಯವಾದದ್ದು ಅಳತೆ. ಮೂರನೆಯ ಪೀಳಿಗೆಯ ಕಾರಿನಲ್ಲಿ ಶಾಖ ತೋರಿಸುವ ಮುಳ್ಳು ಚಾಲಕನಿಗೆ ಗಾಬರಿಯಾಗದಿರಲೆಂದು ಬಹಳ ಹೊತ್ತು ನಡುವಿನಲ್ಲೇ ನಿಲ್ಲುವಂತೆ ರಚಿತವಾಗಿತ್ತು. ಅದು ಮೇಲೇಳುವ ಹೊತ್ತಿಗೆ ಅನಾಹುತ ಅರ್ಧ ಮುಗಿದಿರುತ್ತಿತ್ತು. ಬಲ್ಲವರು ಆ ಸಮಾಧಾನದ ಮುಳ್ಳನ್ನು ನಂಬದೆ, ನಿಜ ಹೇಳುವ ಬೇರೆ ಮಾಪಕವನ್ನು ಕೂಡಿಸಿದರು. ಎಂಜಿನ್ ಬೆಚ್ಚಗಾಗುವವರೆಗೆ ವೇಗ ಏರಿಸದಿರುವುದು, ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಶಾಖ ಇಳಿಸಿದ ಮೇಲೆ ನಿಲ್ಲಿಸುವುದು, ಇವು ಖರ್ಚಿಲ್ಲದ ಉಪಾಯಗಳು; ಆದರೂ ಹೆಚ್ಚು ಎಂಜಿನುಗಳನ್ನು ಉಳಿಸಿದವು.

ಈ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ಫ್ರಾನ್ಸಿನ ಲ ಮಾನ್ ಪಟ್ಟಣದ ೨೪ ಗಂಟೆಗಳ ಓಟದಲ್ಲಿ. ರೋಟರಿ ಎಂಜಿನ್ ಅಲ್ಲಿ ಮೊದಲು ಕಾಣಿಸಿಕೊಂಡದ್ದು ೧೯೭೦ರಲ್ಲಿ. ಅದು ಓಟವನ್ನು ಮುಗಿಸಲಿಲ್ಲ. ೧೯೮೨ರಲ್ಲಿ ಆರ್‌ಎಕ್ಸ್-೭ ಮೂಲದ ಕಾರೊಂದು ೧೪ನೆಯದಾಗಿ ಮುಗಿಸಿತು. ೧೯೯೧ರ ಜೂನ್ ೨೨ರಂದು ಕಿತ್ತಳೆ ಮತ್ತು ಹಸಿರು ಬಣ್ಣದ, ೫೫ನೆಯ ಸಂಖ್ಯೆಯ ‘೭೮೭ಬಿ’ ಕಾರು ಹೊರಟಾಗ ಅದರೊಳಗೆ ನಾಲ್ಕು ರೋಟರುಗಳ, ಸುಮಾರು ೭೦೦ ಅಶ್ವಶಕ್ತಿಯ ಎಂಜಿನಿತ್ತು; ತುದಿಯ ಸೀಲುಗಳು ಪಿಂಗಾಣಿಯ ಜಾತಿಗೆ ಸೇರಿದ ವಸ್ತುವಿನವು. ಜಾನಿ ಹರ್ಬರ್ಟ್, ಫೋಲ್ಕರ್ ವೈಡ್ಲರ್, ಬರ್ಟ್ರಾಂಡ್ ಗಾಶೋ ಸರದಿಯಂತೆ ಓಡಿಸಿದರು. ಮರುದಿನ ಮಧ್ಯಾಹ್ನದವರೆಗೂ ಮುಂದಿದ್ದದ್ದು ಮರ್ಸಿಡಿಸ್. ಓಟ ಮುಗಿಯಲು ಮೂರು ಗಂಟೆಗಳಿರುವಾಗ ಅದರ ಎಂಜಿನಿನ ಒಂದು ಸಣ್ಣ ಲೋಹದ ಆಸರೆ ಮುರಿದು, ನೀರಿನ ಪಂಪು ನಿಂತು, ಎಂಜಿನ್ ಕಾದುಹೋಯಿತು. ಶಾಖಕ್ಕೆ ಹೆದರಬೇಕಾದ ಯಂತ್ರವೆಂದು ಹೆಸರಾಗಿದ್ದುದು ರೋಟರಿ. ಶಾಖಕ್ಕೆ ಬಲಿಯಾದದ್ದು ಪಿಸ್ಟನ್ ಎಂಜಿನ್. ೩೬೨ ಸುತ್ತುಗಳನ್ನು ಮುಗಿಸಿ ಮಾಜ್ದಾ ಗೆದ್ದಿತು. ಜಪಾನಿನ ಕಾರೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಕೊನೆಯ ಸರದಿ ಓಡಿಸಿದ ಹರ್ಬರ್ಟ್ ಬಾಯಾರಿ ಬಳಲಿ, ವಿಜಯವೇದಿಕೆಯನ್ನು ಹತ್ತಲಾಗಲಿಲ್ಲ. ಓಟದ ಬಳಿಕ ಬಿಚ್ಚಿ ನೋಡಿದಾಗ ಎಂಜಿನಿನ ಒಳಭಾಗಗಳು ಒಳ್ಳೆಯ ಸ್ಥಿತಿಯಲ್ಲಿದ್ದವು. ಯಂತ್ರವನ್ನು ತಣ್ಣಗಿರಿಸುವುದರಲ್ಲಿ ಮನುಷ್ಯ ತನ್ನ ನೀರನ್ನೇ ಕಳೆದುಕೊಂಡಿದ್ದ.

ಆರ್‌ಎಕ್ಸ್-೭ರ ತಯಾರಿಕೆ ೨೦೦೨ರಲ್ಲಿಯೂ ಅದರ ನಂತರದ ಆರ್‌ಎಕ್ಸ್-೮ರದು ೨೦೧೨ರಲ್ಲಿಯೂ ನಿಂತವು. ಪೆಟ್ರೋಲಿನ ಹಸಿವು, ಹೊಗೆಯ ಕಾನೂನುಗಳು ಇದಕ್ಕೆ ಕಾರಣ. ಯಾಮಾಮೊಟೊ ೨೦೧೭ರಲ್ಲಿ ತೀರಿಕೊಂಡರು. ೨೦೨೩ರಲ್ಲಿ ಮಾಜ್ದಾ ಒಂದೇ ರೋಟರಿನ ಪುಟ್ಟ ಎಂಜಿನನ್ನು ವಿದ್ಯುತ್ ಕಾರಿನ ಬ್ಯಾಟರಿ ತುಂಬುವ ಕೆಲಸಕ್ಕೆ ಮತ್ತೆ ತಂದಿತು. ಚಕ್ರ ತಿರುಗಿಸುವ ಹೊಣೆ ಅದಕ್ಕಿಲ್ಲ.

ಭಾಗಗಳು ಕಡಿಮೆಯಾದರೆ ಚಿಂತೆಯೂ ಕಡಿಮೆಯಾಗುತ್ತದೆಂದು ವಾಂಕೆಲನ ಕಾಲ ನಂಬಿತ್ತು. ನಡೆದದ್ದು ಬೇರೆ. ಕವಾಟಗಳಿಗೂ ಪಿಸ್ಟನ್ನಿಗೂ ಹಂಚಿಹೋಗಿದ್ದ ಹೊರೆಯೆಲ್ಲ ಕೆಲವು ಸೀಲುಗಳ ಮೇಲೆ, ಒಂದಿಷ್ಟು ನೀರೆಣ್ಣೆಗಳ ಮೇಲೆ, ಕಡೆಗೆ ಒಡೆಯನ ಎಚ್ಚರದ ಮೇಲೆ ಬಂದು ಕೂತಿತು. ತಯಾರಿಕೆ ನಿಂತ ಆ ಕಾರುಗಳು ಇಂದಿಗೂ ಪಥದಲ್ಲಿ ಓಡುತ್ತಿವೆಯೆಂದರೆ, ಹೊರಡುವ ಮುನ್ನ ಎಣ್ಣೆಯ ಕಡ್ಡಿಯನ್ನು ಹೊರಗೆಳೆದು ನೋಡುವವರು ಇನ್ನೂ ಇದ್ದಾರೆಂದೇ ಅರ್ಥ.