ಮಾಲುಗಣ್ಣಿಗೊಂದು ಸಂಖ್ಯೆ

ಎರಡು ಕಣ್ಣುಗಳೂ ಒಂದೇ ಗುರಿಯತ್ತ ತಿರುಗದೆ, ಒಂದು ನೇರವಾಗಿಯೂ ಇನ್ನೊಂದು ಓರೆಯಾಗಿಯೂ ನಿಲ್ಲುವುದನ್ನು ಮಾಲುಗಣ್ಣು ಅಥವಾ ಮೆಳ್ಳೆಗಣ್ಣು ಎನ್ನುತ್ತೇವೆ. ಆಸ್ಪತ್ರೆಯ ದಾಖಲೆಗಳಲ್ಲಿ ಇದನ್ನು ಒಂದು ಸಂಖ್ಯೆಯಿಂದ ಗುರುತಿಸುತ್ತಾರೆಂದು ನಿಮಗೆ ಗೊತ್ತೆ? ಆ ಸಂಖ್ಯೆ ಬಂದ ಬಗೆಯನ್ನು ನೋಡೋಣ.

1839ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್, ಬಾಲಕನೊಬ್ಬನ ಕಣ್ಣನ್ನು ಮೂಗಿನತ್ತ ಎಳೆಯುತ್ತಿದ್ದ ಸ್ನಾಯುವನ್ನು ಕತ್ತರಿಸಿ ಮಾಲುಗಣ್ಣನ್ನು ಸರಿಪಡಿಸಿದ. ಚಿಕಿತ್ಸೆಯೇನೋ ದೊರೆಯಿತು, ಎಣಿಕೆ ಮಾತ್ರ ತಡವಾಯಿತು. ಏಕೆಂದರೆ, 1893ರಲ್ಲಿ ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಝಾಕ್ ಬೆರ್ತಿಯೋಂ ಷಿಕಾಗೊದಲ್ಲಿ ಮಂಡಿಸಿದ ಅಂತಾರಾಷ್ಟ್ರೀಯ ಪಟ್ಟಿ ಸಾವಿನ ಕಾರಣಗಳ ಪಟ್ಟಿಯಾಗಿತ್ತು. ಮಾಲುಗಣ್ಣಿನಿಂದ ಯಾರೂ ಸಾಯುವುದಿಲ್ಲವಲ್ಲ!

1948ರಲ್ಲಿ ಈ ಪಟ್ಟಿಯ ಹೊಣೆ ಹೊತ್ತ ವಿಶ್ವ ಆರೋಗ್ಯ ಸಂಸ್ಥೆಯು, ಅದರ 6ನೆಯ ಪರಿಷ್ಕರಣೆಯಲ್ಲಿ ಕೊಲ್ಲದೆ ಕಾಡುವ ಕಾಯಿಲೆಗಳನ್ನೂ ಸೇರಿಸಿತು. 1975ರ 9ನೆಯ ಪರಿಷ್ಕರಣೆಯಲ್ಲಿ ಮಾಲುಗಣ್ಣಿನ ಸಂಖ್ಯೆ 378. ಆಗ ಕಣ್ಣಿನ ರೋಗಗಳು ನರಮಂಡಲದ ಅಧ್ಯಾಯದಲ್ಲೇ ಇದ್ದವು. 1990ರಲ್ಲಿ ಅಂಗೀಕಾರವಾದ 10ನೆಯ ಪರಿಷ್ಕರಣೆ ಕಣ್ಣಿಗೆ ಸ್ವಂತ ಅಧ್ಯಾಯ ನೀಡಿತು. ಅದರಲ್ಲಿ ಕಣ್ಣು ಒಳಕ್ಕೆ ತಿರುಗಿದ್ದರೆ 'ಎಚ್ 50.0', ಹೊರಕ್ಕೆ ತಿರುಗಿದ್ದರೆ 'ಎಚ್ 50.1', ಮೇಲೆ ಅಥವಾ ಕೆಳಗೆ ತಿರುಗಿದ್ದರೆ 'ಎಚ್ 50.2'.

ನರದ ದೌರ್ಬಲ್ಯದಿಂದ ಬರುವ ಮಾಲುಗಣ್ಣಿಗೆ 'ಎಚ್ 49' ಎಂಬ ಬೇರೆ ಗುಂಪು. ಕಣ್ಣನ್ನು ಹೊರಕ್ಕೆ ತಿರುಗಿಸುವ 6ನೆಯ ಕಪಾಲನರ ಸೋತರೆ 'ಎಚ್ 49.2'. ಇದರ ಹಿಂದೆ ತಲೆಗೆ ಬಿದ್ದ ಪೆಟ್ಟು, ಮಧುಮೇಹ ಅಥವಾ ಮಿದುಳಿನ ಗೆಡ್ಡೆ ಇರಬಹುದು. ಹಾಗಾಗಿ, ನೋಡಲು ಒಂದೇ ತೆರನಾಗಿ ಕಂಡರೂ ಈ ಎರಡು ಗುಂಪುಗಳನ್ನು ಬೆರೆಸುವಂತಿಲ್ಲ.

ಇನ್ನೊಂದು ಸಂಖ್ಯೆಯನ್ನು ಶಿಕ್ಷಕರು ಗಮನಿಸಬೇಕು. ಮಗುವಿನ ಮಿದುಳು ಓರೆಗಣ್ಣಿನಿಂದ ಬರುವ ಬಿಂಬವನ್ನು ಕಡೆಗಣಿಸುತ್ತಾ ಹೋದರೆ ಆ ಕಣ್ಣಿನ ದೃಷ್ಟಿ ಬೆಳೆಯದೆ ಮಂದವಾಗುತ್ತದೆ. ಇದು 'ಎಚ್ 53.0'. ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ ಕಟ್ಟಿ, ಮಂದಗಣ್ಣಿಗೆ ಕೆಲಸ ಕೊಡುವುದು ಒಂದು ಚಿಕಿತ್ಸೆ. ಎಳೆಯ ವಯಸ್ಸಿನಲ್ಲಿ ಆರಂಭಿಸಿದಷ್ಟೂ ಫಲ ಹೆಚ್ಚು.

ಅಮೆರಿಕವು 2015ರಲ್ಲಿ ಜಾರಿಗೆ ತಂದ ತನ್ನ ಆವೃತ್ತಿಯಲ್ಲಿ ಎಡಗಣ್ಣು, ಬಲಗಣ್ಣುಗಳಿಗೂ ಬೇರೆ ಬೇರೆ ಅಂಕಿಗಳಿವೆ. 11ನೆಯ ಪರಿಷ್ಕರಣೆ 2022ರ ಜನವರಿ 1ರಂದು ಜಾರಿಗೆ ಬಂದಿದೆ. ಆದರೆ ಪಟ್ಟಿ ಎಷ್ಟೇ ವಿವರವಾಗಿದ್ದರೂ, ಪರೀಕ್ಷಿಸಿದವರು ಬರಿದೇ 'ಮಾಲುಗಣ್ಣು' ಎಂದು ಬರೆದರೆ ಅದು ಸೇರುವುದು 'ಎಚ್ 50.9'ಕ್ಕೆ, ಅಂದರೆ 'ವಿವರವಿಲ್ಲದ' ಗುಂಪಿಗೆ. ವೈದ್ಯರ ಬಳಿಗೇ ಹೋಗದ ಮಗು ಯಾವ ಸಂಖ್ಯೆಯಲ್ಲೂ ಸೇರುವುದಿಲ್ಲ. ನಿಮ್ಮ ತರಗತಿಯಲ್ಲಿ ಅಂತಹ ಮಗುವಿದ್ದರೆ, ಅದು ಅದೃಷ್ಟದ ಗುರುತೆಂದು ಸುಮ್ಮನಾಗದೆ ಕಣ್ಣಿನ ಪರೀಕ್ಷೆ ಮಾಡಿಸುವಂತೆ ಪೋಷಕರಿಗೆ ಹೇಳಿ.