ಶ್ಲೀಪದವೂ ದುಗ್ಧಗ್ರಂಥಿಗಳೂ

ಕನ್ನಡನಾಡಿನಲ್ಲಿ ಆನೆಕಾಲೆಂದು ಕರೆಯಲ್ಪಡುವ ರೋಗಕ್ಕೆ ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಶ್ಲೀಪದವೆಂದು ಹೆಸರು. ಹಳೆಯ ನೀರು ನಿಂತು ಎಲ್ಲ ಋತುಗಳಲ್ಲಿಯೂ ತಂಪಾಗಿರುವ ದೇಶಗಳಲ್ಲಿ ಇದು ಹೆಚ್ಚೆಂಬುದು ಸುಶ್ರುತಸಂಹಿತೆಯ ಅಭಿಪ್ರಾಯ. ಪಂಚಗಂಗಾವಳಿಯ ಹಿನ್ನೀರಿನ ಕುಂದಾಪುರ, ಹಿಂದೆ ಅದೇ ತಾಲೂಕಿಗೆ ಸೇರಿದ್ದ ಬೈಂದೂರು, ಸೀತಾ ಸ್ವರ್ಣಾ ನದಿಗಳ ನಡುವಣ ಬ್ರಹ್ಮಾವರ, ಇವುಗಳನ್ನೊಳಗೊಂಡ ಉಡುಪಿ ಜಿಲ್ಲೆಯು ಕರ್ನಾಟಕದ ಆನೆಕಾಲುಪೀಡಿತ ಜಿಲ್ಲೆಗಳಲ್ಲಿ ಒಂದೆಂದು ಎಣಿಸಲ್ಪಟ್ಟುದನ್ನು ನೋಡಿದರೆ, ಪ್ರಾಚೀನರ ಅವಲೋಕನವು ಎಷ್ಟು ಸೂಕ್ಷ್ಮವಾದುದೆಂಬುದು ವ್ಯಕ್ತವಾಗುವುದು.

ಆದರೆ ದೇಶವನ್ನು ಗುರುತಿಸಿದ ಮಾತ್ರಕ್ಕೆ ಕಾರಣವು ತಿಳಿದಂತಾಗದು. 1872ರಲ್ಲಿ ಕಲಕತ್ತೆಯಲ್ಲಿ ಲೂಯಿಸನು ಮನುಷ್ಯರಕ್ತದಲ್ಲಿ ಸೂಕ್ಷ್ಮಕ್ರಿಮಿಗಳನ್ನು ಕಂಡನು. 1876ರಲ್ಲಿ ಬ್ಯಾಂಕ್ರಾಫ್ಟನು ಆಸ್ಟ್ರೇಲಿಯದಲ್ಲಿ ಅವುಗಳ ತಾಯಿಹುಳುವನ್ನು ಕಂಡುಹಿಡಿದನು. ಮರುವರ್ಷ ಚೀನದಲ್ಲಿದ್ದ ಮ್ಯಾನ್ಸನನು ಇವು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ತೋರಿಸಿದನು. ನಿಂತ ನೀರಿಗೂ ರೋಗಕ್ಕೂ ಇರುವ ನಂಟು ಹೀಗೆ ಬಿಡಿಸಲ್ಪಟ್ಟಿತು.

ಈ ಹುಳುವಿನ ಬೀಡು ದುಗ್ಧನಾಳಗಳು. 1622ರಲ್ಲಿ ಇಟಲಿಯ ಅಸೆಲ್ಲಿಯು ನಾಯಿಯ ಕರುಳ ಬಳಿ ಹಾಲಿನಂತಹ ರಸ ತುಂಬಿದ ನಾಳಗಳನ್ನು ಕಂಡ ಸಂಗತಿಯನ್ನು ಕನ್ನಡದ ಈ ಹೆಸರೂ ನೆನಪಿಸುತ್ತದೆ. ನಾಳಗಳ ದಾರಿಯಲ್ಲಿ ಅವರೆಕಾಳಿನಾಕಾರದ ಗ್ರಂಥಿಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೊರವಲಯದಲ್ಲಿ ಬಿ ಕಣಗಳ ಗುಂಪುಗಳೂ, ಅದರೊಳಗೆ ಟಿ ಕಣಗಳ ವಲಯವೂ, ನಡುಭಾಗದಲ್ಲಿ ಪ್ರತಿಕಾಯಗಳನ್ನು ಸ್ರವಿಸುವ ಕಣಗಳೂ ಕಾಣುವುವು. ಒಳಬಂದ ರಸವು ಇಲ್ಲಿ ಸೋಸಲ್ಪಡುತ್ತದೆ, ಪರಕೀಯ ವಸ್ತುವು ಗುರುತಿಸಲ್ಪಡುತ್ತದೆ, ಪ್ರತಿರೋಧವು ಸಿದ್ಧವಾಗುತ್ತದೆ. ಆದುದರಿಂದ ಗ್ರಂಥಿಯ ಬಾವು ಅನೇಕವೇಳೆ ರೋಗವಲ್ಲ, ರೋಗದೊಡನೆ ನಡೆಯುವ ಹೋರಾಟದ ಕುರುಹು.

ಆನೆಕಾಲಿನ ಹುಳುವಾದರೋ ಈ ಕಾವಲುದಾರಿಯಲ್ಲಿಯೇ ಮನೆಮಾಡಿ, ಪ್ರತಿರೋಧವನ್ನು ತಗ್ಗಿಸಿ, ವರ್ಷಗಟ್ಟಲೆ ಬದುಕುವುದು. ನಾಳಗಳು ಹಿಗ್ಗಿ ಕವಾಟಗಳು ಕೆಡುವುವು. ಹುಳು ಸತ್ತಾಗ ಉರಿಯೂತವೇಳುವುದು. ರಸವು ನಿಂತು ಕಾಲು ಬಾಯುವುದು.

ಭಾರತದಲ್ಲಿ 1955ರಲ್ಲಿ ರಾಷ್ಟ್ರೀಯ ಫೈಲೇರಿಯ ನಿಯಂತ್ರಣ ಕಾರ್ಯಕ್ರಮವೂ, 2004ರಿಂದ ಪೀಡಿತ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಔಷಧ ಕೊಡುವ ಕ್ರಮವೂ ನಡೆದುಬಂದುವು. ಸ್ವಸ್ಥನಿಗೆ ಗುಳಿಗೆಯೇಕೆಂಬ ಸಂದೇಹಕ್ಕೆ ಉತ್ತರವು ಗ್ರಂಥಿಯ ರಚನೆಯಲ್ಲಿಯೇ ಇದೆ. ಕಾಲು ಬಾತು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ನಾಳಗಳು ಬಹುಕಾಲದಿಂದ ಕೆಟ್ಟಿರುವುವು. ಅವನ್ನು ಮೊದಲಿನಂತೆ ಮಾಡುವುದು ಗುಳಿಗೆಗೆ ಸಾಧ್ಯವಿಲ್ಲ.