ಜಾರ್ಜ್ ಟೌನಿನ ಅಂಗಡಿಮನೆಗಳು

ಮಲೇಷ್ಯಾದ ಪಿನಾಂಗ್ ದ್ವೀಪದ ಜಾರ್ಜ್ ಟೌನ್ ಎಂಬ ರೇವುಪಟ್ಟಣದ ಹಳೆಯ ಬೀದಿಗಳಲ್ಲಿ, ಕೆಳಗೆ ಅಂಗಡಿಯೂ ಮೇಲೆ ವಾಸವೂ ಆಗಿ, ಗೋಡೆಗೆ ಗೋಡೆ ತಾಗಿ ನಿಂತ ಮನೆಗಳ ಸಾಲುಗಳನ್ನು ಕಾಣುತ್ತೇವೆ. ಮುಖ ಕಿರಿದು, ಒಡಲು ನೀಳ. ನಡುವಣ ತೆರೆದ ಅಂಗಳವು ದಕ್ಷಿಣ ಚೀನದಿಂದ ಬಂದುದು. ತೊಟ್ಟಿಮನೆಯನ್ನು ಬಲ್ಲ ನಮಗೆ ಅದರ ಉಪಯೋಗವನ್ನು ಬೇರೆ ಹೇಳಬೇಕಾಗಿಲ್ಲ. ಮರದ ಜಾಲರಿಯ ಕೆತ್ತನೆಯಲ್ಲಿ ಮಲಯರ ಕೈವಾಡವೂ, ಕಂಬ ಕಮಾನುಗಳಲ್ಲಿ ಐರೋಪ್ಯರ ಅಭಿರುಚಿಯೂ ತೋರುತ್ತವೆ.

ಆದರೆ ಈ ಮನೆಗಳ ಬಾಳನ್ನು ನಿರ್ಣಯಿಸಿದುದು ಅಲಂಕಾರಕ್ಕಿಂತ ಹೆಚ್ಚಾಗಿ ಕಾಯಿದೆಯೆಂದು ನಮ್ಮ ಅಭಿಪ್ರಾಯ. ಅಂಗಡಿಗಳ ಮುಂದೆ ಸಾಗುವ ‘ಐದಡಿ ದಾರಿ’ಯ ಮೂಲವು 1822ರಲ್ಲಿ ರಾಫಲ್ಸನು ಸಿಂಗಪುರಕ್ಕೆ ವಿಧಿಸಿದ ನಿಯಮದಲ್ಲಿದೆ. 1966ರ ಬಾಡಿಗೆ ನಿಯಂತ್ರಣದ ಕಾಯಿದೆಯು ಬಡ ಕಸುಬುದಾರರನ್ನು ಇಲ್ಲಿ ಉಳಿಸಿತು. ಬಾಡಿಗೆ ಅಲ್ಪವಾದುದರಿಂದ ಅನೇಕ ಮಾಲೀಕರು ದುರಸ್ತಿಯ ಗೋಜಿಗೇ ಹೋಗಲಿಲ್ಲವೆಂಬುದೂ ನಿಜ. 2000ದ ಜನವರಿ 1ರಂದು ಆ ರಕ್ಷಣೆ ಕೊನೆಗೊಂಡಿತು. ಬಾಡಿಗೆ ಏರಿತು, ಸಂಸಾರಗಳು ಬೀದಿ ಬಿಟ್ಟು ಹೋದುವು.

2008ರಲ್ಲಿ ಪಟ್ಟಣವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಬಳಿಯಬಾರದು, ತೇವವು ಒಳಗೇ ನಿಂತು ಇಟ್ಟಿಗೆಯನ್ನು ಕೆಡಿಸುವುದೆಂದು ಬಲ್ಲವರು ಎಚ್ಚರಿಸುತ್ತಾರೆ. ಗೋಡೆಗಳಿಗೆ ಈ ಆರೈಕೆ ದೊರೆಯುವ ವೇಳೆಗೆ ಮಾಳಿಗೆಯಲ್ಲಿದ್ದವರಲ್ಲಿ ಬಹುಮಂದಿ ಹೊರಟುಹೋಗಿದ್ದರು. ಅವರು ಬಿಟ್ಟ ಅನೇಕ ಮನೆಗಳು ಈಗ ಪ್ರವಾಸಿಗಳ ವಸತಿಗೃಹಗಳಾಗಿವೆ.